ರಕ್ತ ಕುಡಿಯುವ ಮುತ್ತಾತ ಮನೆ ಕಾಯಬಹುದಾ? ಚಾಮರಾಜಪೇಟೆಯ ಕಥೆಯೊಂದಕ್ಕೆ ಸಲಹೆ ಬೇಕು

ಪೇಟೆ ಕಥೆಗಾರ್ತಿ

ಎಲ್ಲರಿಗೂ ನಮಸ್ಕಾರ. ಒಂದು ನೀಳ್ಗತೆ ಬರೆಯುತ್ತಿದ್ದೇನೆ, ಮಧ್ಯದಲ್ಲಿ ನಿಂತುಬಿಟ್ಟಿದೆ. ದೆವ್ವದ ಕಥೆ ಓದುವವರು, ಬರೆಯುವವರು ಇಲ್ಲಿ ಜಾಸ್ತಿ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ಮನೆ ಇರುವುದು ಬೆಂಗಳೂರಿನ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ. ಹೆಂಚಿನ ಮನೆ, ಮುಂದೆ ಜಗುಲಿ, ಒಳಗೆ ಅಟ್ಟ. ಮನೆಯಲ್ಲಿ ಅಜ್ಜಿ, ಗಂಡನನ್ನು ಕಳೆದುಕೊಂಡ ಅವರ ಮಗಳು, ಆಕೆಯ ತಮ್ಮ, ಒಂಬತ್ತು ವರ್ಷದ ಮೊಮ್ಮಗಳು ಇದ್ದಾರೆ. ಇನ್ನೊಬ್ಬರು ಅಟ್ಟದಲ್ಲಿದ್ದಾರೆ. ಅವರು ಅಜ್ಜಿಯ ತಾತ. ಮನೆಯವರಿಗೆಲ್ಲ ಮುತ್ತಾತ.

ಮುತ್ತಾತ ಮೈಸೂರು ಲ್ಯಾನ್ಸರ್ಸ್ ಪಡೆಯಲ್ಲಿ ಕುದುರೆ ಸವಾರರಾಗಿದ್ದವರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಹಿಡಿದ ಕಾಳಗದಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರಿನವರೂ ಇದ್ದರಲ್ಲ, ಅವರಲ್ಲಿ ಒಬ್ಬರು. ಆ ಪಡೆಯ ಸ್ಮಾರಕ ಜೆ.ಸಿ. ನಗರದಲ್ಲಿದೆ, ಕೆಲವರು ನೋಡಿರುತ್ತೀರಿ. ಕಥೆಯಲ್ಲಿ ಅವರು ಗಾಯಗೊಂಡು ಬಿದ್ದಿದ್ದಾಗ ಆಗ್ನೇಯ ಯುರೋಪಿನ ಬಾಲ್ಕನ್ ಕಡೆಯ ಒಬ್ಬ ತುರ್ಕಿ ಸಿಪಾಯಿ ಕಚ್ಚುತ್ತಾನೆ. ಊರಿಗೆ ವಾಪಸ್ ಬಂದ ಮೇಲೆ ಅವರಿಗೆ ವಯಸ್ಸೇ ಆಗಲಿಲ್ಲ. ಅನ್ನ ಸೇರಲಿಲ್ಲ. ಮನೆಯವರು ಊರಿಗೆಲ್ಲ ‘ಹೋಗಿಬಿಟ್ಟರು’ ಅಂತ ಹೇಳಿ ಅಟ್ಟದಲ್ಲಿ ಇಟ್ಟುಕೊಂಡರು.

ಈಗ ರಾತ್ರಿ ಹೊತ್ತು ಬಾಗಿಲ ಹತ್ತಿರ ಏನೋ ಬರುತ್ತಿದೆ. ಸತ್ತುಹೋದ ಅಪ್ಪನ ದನಿಯಲ್ಲಿ ಮಗುವನ್ನು ಕರೆಯುತ್ತಿದೆ. ಮುತ್ತಾತ ಅಡ್ಡ ನಿಲ್ಲಬೇಕು.

ನನಗೆ ಬಿಡಿಸಲಾಗದ ಪ್ರಶ್ನೆ ಒಂದೇ. ರಕ್ತ ಕುಡಿಯುವವರು ತಮ್ಮ ಮನೆಯವರ ರಕ್ತವನ್ನೇ ಯಾಕೆ ಕಾಯಬೇಕು? ‘ಪ್ರೀತಿ’ ಅಂದರೆ ಕಥೆ ಅಲ್ಲಿಗೇ ತಣ್ಣಗಾಗುತ್ತದೆ. ಅದಕ್ಕಿಂತ ಗಟ್ಟಿಯಾದ ಕಾರಣ ಬೇಕು.

ಹನುಮಂತನಗರದ ಹುಡುಗ

ಮೇಡಂ, ಶತ್ರು ಯಾರು ಅಂತ ಓದಿದ ತಕ್ಷಣ ಗೊತ್ತಾಯಿತು. ‘ನಾಳೆ ಬಾ’!

90ರ ದಶಕದಲ್ಲಿ ಬೆಂಗಳೂರಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಒಬ್ಬಳು ಬರುತ್ತಾಳೆ, ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತಾಳೆ, ಓಗೊಟ್ಟು ಬಾಗಿಲು ತೆಗೆದರೆ ಮುಗಿಯಿತು ಅಂತ ಸುದ್ದಿ. ಅದಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯೋದು. ಓದಿಕೊಂಡು ವಾಪಸ್ ಹೋಗುತ್ತಾಳೆ, ನಾಳೆ ಬಂದರೆ ಮತ್ತೆ ಅದೇ. ನಮ್ಮ ವಠಾರದಲ್ಲಿ ಸೀಮೆಸುಣ್ಣದಲ್ಲಿ ಬರೆದಿದ್ದರು. ಮಳೆಗೆ ‘ಬಾ’ ಅಳಿಸಿಹೋಗಿ ಬರೀ ‘ನಾಳೆ’ ಉಳಿದಿತ್ತು. ಕತ್ತಲಾಗೋದ್ರೊಳಗೆ ಮತ್ತೆ ಬರೆಯಬೇಕು ಅಂತ ನಮ್ಮಣ್ಣ ಸ್ಟೂಲ್ ಹಾಕಿಕೊಂಡು ಹತ್ತಿದ್ದ. ಕೆಳಗೆ ಸ್ಟೂಲ್ ಹಿಡಿದುಕೊಂಡು ನಿಂತಿದ್ದವರು ಅಮ್ಮ.

ನನಗೆ ಇಷ್ಟವಾಗೋದು ಇದರ ಕಟ್ಟುಪಾಡು. ಅವಳಿಗೆ ಬಾಗಿಲು ಒಡೆಯೋ ಶಕ್ತಿ ಇಲ್ಲ. ಒಳಗಿರೋರೇ ತೆಗೀಬೇಕು.

ಹಳೇ ಪುಸ್ತಕದಂಗಡಿ

ಹನುಮಂತನಗರದವರು ಹೇಳಿದ ಮಾತು ಮುಖ್ಯ. ಯಾಕಂದ್ರೆ ವ್ಯಾಂಪೈರ್‌ಗೂ ಅದೇ ಕಟ್ಟು ಇದೆ. 1897ರ ಡ್ರಾಕುಲಾ ಕಾದಂಬರಿಯಲ್ಲಿ ಇದನ್ನು ನೇರವಾಗಿಯೇ ಹೇಳಿದ್ದಾರೆ: ಮನೆಯವರಲ್ಲಿ ಒಬ್ಬರು ಕರೆಯದೆ ಅವನು ಮೊದಲ ಸಲ ಹೊಸಿಲು ದಾಟುವ ಹಾಗಿಲ್ಲ. ಅಂದರೆ ನಿಮ್ಮ ಮುತ್ತಾತನೂ ಬಾಗಿಲಾಚೆ ನಿಂತಿರುವವಳೂ ಒಂದೇ ಕಟ್ಟಿಗೆ ಸಿಕ್ಕವರು. ಒಬ್ಬರನ್ನು ಕರೆದಿದ್ದಾರೆ, ಒಬ್ಬಳನ್ನು ಕರೆದಿಲ್ಲ. ಅವಳ ಆಟ ಅವರಿಗೆ ಪೂರ್ತಿ ಗೊತ್ತು.

ಬಿಸಿಲಿಗೆ ಸುಟ್ಟು ಬೂದಿಯಾಗುವುದು ಹಳೇ ನಂಬಿಕೆಯಲ್ಲ, ಅದನ್ನು ತಂದದ್ದು 1922ರ ಒಂದು ಜರ್ಮನ್ ಮೂಕಿ ಚಿತ್ರ. ಕಾದಂಬರಿಯಲ್ಲಿ ಅವನು ಹಗಲು ಓಡಾಡುತ್ತಾನೆ, ಶಕ್ತಿ ಮಾತ್ರ ಕಡಿಮೆ. ಹಾಗಾಗಿ ನಿಮ್ಮ ಮುತ್ತಾತ ಮಧ್ಯಾಹ್ನ ಜಗುಲಿಯಲ್ಲಿ ಕೂರಬಹುದು. ಬಿದ್ದ ಕೊಡ ಎತ್ತುವಷ್ಟು ತ್ರಾಣ ಇರೋದಿಲ್ಲ, ಅಷ್ಟೇ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಇದು ಕಷ್ಟದ್ದು. ಬಾಲ್ಕನ್ ಕಡೆಯ ಹಳ್ಳಿ ನಂಬಿಕೆಯಲ್ಲಿ ಎದ್ದು ಬಂದ ಹೆಣ ಮೊದಲು ಹೋಗುವುದೇ ತನ್ನ ಮನೆಗೆ. 1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಹಳ್ಳಿಯಲ್ಲಿ ಪೀಟರ್ ಪ್ಲೊಗೊಯೊವಿಟ್ಸ್ ಅನ್ನುವ ರೈತ ಸತ್ತ. ಆಮೇಲೆ ಒಂದು ವಾರದೊಳಗೆ 9 ಜನ ಸತ್ತರು. ಸಾಯುವ ಮುಂಚೆ ಅವರೆಲ್ಲ ಅವನ ಹೆಸರನ್ನೇ ಹೇಳಿದರಂತೆ. ಆಗ ಅಲ್ಲಿ ಆಸ್ಟ್ರಿಯಾದವರ ಆಳ್ವಿಕೆ. ಅವರ ಅಧಿಕಾರಿಯೇ ಹೋಗಿ ನೋಡಿ ವರದಿ ಬರೆದ. ಆ ವರದಿಯಲ್ಲಿ ಒಂದು ಸಣ್ಣ ವಿಷಯ ಇದೆ, ನನ್ನ ತಲೆಯಿಂದ ಹೋಗೋದೇ ಇಲ್ಲ. ಸತ್ತ ಗಂಡ ಬಂದು ತನ್ನ ಚಪ್ಪಲಿ ಕೇಳಿದ ಅಂತ ಹೆಂಡತಿ ಹೇಳಿದಳು. ರಕ್ತ ಕೇಳಲಿಲ್ಲ, ಚಪ್ಪಲಿ ಕೇಳಿದ. ಅವಳು ಹೆದರಿ ಊರೇ ಬಿಟ್ಟಳು.

1732ರಲ್ಲಿ ಇನ್ನೊಂದು ಹಳ್ಳಿಯಿಂದ ಸೈನ್ಯದ ವೈದ್ಯರ ವರದಿ ಬಂತು, ಯುರೋಪೆಲ್ಲ ಅದೇ ಮಾತಾಯಿತು. ಗೋರಿ ಅಗೆಯೋದು, ಹೆಣಕ್ಕೆ ಗೂಟ ಹೊಡೆಯೋದು ವಿಪರೀತವಾಗಿ, ಕೊನೆಗೆ 1755ರಲ್ಲಿ ರಾಣಿ ಮರಿಯಾ ತೆರೇಸಾ ಅದನ್ನು ನಿಲ್ಲಿಸಲು ಕಾನೂನು ತಂದಳು.

ಒಟ್ಟಿನಲ್ಲಿ ಮನೆ ಕಾಯುವ ವ್ಯಾಂಪೈರ್ ಅನ್ನೋದು ಆ ಕಡೆಯ ಹಳೇ ನಂಬಿಕೆಗೆ ತದ್ವಿರುದ್ಧ. ಸುಮ್ನೆ ಒಳ್ಳೆಯವರು ಅಂದುಬಿಟ್ಟರೆ ನಂಬೋದು ಕಷ್ಟ.

ಲ್ಯಾಬ್ ಅಕ್ಕ

ಗೋರಿ ತೆಗೆದಾಗ ಹೆಣ ಉಬ್ಬಿರೋದು, ಬಾಯಲ್ಲಿ ರಕ್ತ ಇರೋದು ಕೊಳೆಯುವಾಗ ಆಗೋದೇ. ಹೊಟ್ಟೆಯಲ್ಲಿ ಗ್ಯಾಸ್ ತುಂಬಿ ಕೆಂಪಗಿನ ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ಚರ್ಮ ಹಿಂದಕ್ಕೆ ಸರಿದಾಗ ಉಗುರು ಬೆಳೆದ ಹಾಗೆ ಕಾಣುತ್ತದೆ. ಪಾಪ, ಅವರಿಗೆ ಅದು ಗೊತ್ತಿರಲಿಲ್ಲ.

ಕಥೆ ಮುಂದುವರಿಸಿ ಮೇಡಂ, ನನಗೆ ಇಷ್ಟವಾಗಿದೆ.

ಪುತ್ತೂರಿನವ, ಈಗ ಪೀಣ್ಯ

ನಮ್ಮ ಊರಿನ ಕಡೆಯಿಂದ ಒಂದು ಮಾತು. ಮೊದಲೇ ಹೇಳಿಬಿಡುತ್ತೇನೆ, ದೈವ ಅಂದರೆ ರಕ್ತಪಿಶಾಚಿ ಅಲ್ಲ. ದಯವಿಟ್ಟು ಎರಡನ್ನೂ ಬೆರೆಸಬೇಡಿ. ನಮಗೆ ಅದು ದೇವರಷ್ಟೇ ದೊಡ್ಡದು.

ಆದರೆ ‘ಯಾಕೆ ಕಾಯಬೇಕು’ ಅನ್ನೋ ಪ್ರಶ್ನೆಗೆ ತುಳುನಾಡಲ್ಲಿ ಉತ್ತರ ಇದೆ. ಕುಟುಂಬಕ್ಕೊಂದು ದೈವ ಇರುತ್ತದೆ. ವರ್ಷಕ್ಕೊಮ್ಮೆ ಕಾಲಾವಧಿ ಸೇವೆ ಕೊಡಬೇಕು. ಕೊಟ್ಟರೆ ಕಾಯುತ್ತದೆ. ಮನೆಯವರು ಮುಂಬಯಿಗೋ ಬೆಂಗಳೂರಿಗೋ ಹೋಗಿ ಮರೆತರೆ ಉಪದ್ರ ಶುರು. ಆಗ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುತ್ತಾರೆ. ‘ನನ್ನನ್ನು ಮರೆತಿದ್ದೀರಿ’ ಅನ್ನೋ ಉತ್ತರ ಬರೋದು ನಾನೇ ಕೇಳಿದ್ದೇನೆ. ಕಾಯೋದೂ ಅದೇ, ಕಾಡೋದೂ ಅದೇ.

ನಿಮ್ಮ ಮುತ್ತಾತನಿಗೂ ಮನೆಗೂ ನಡುವೆ ಒಂದು ಮಾತು ಆಗಿರಬೇಕು. ಏನು ಕೊಡುತ್ತೀರಿ, ಏನು ಮಾಡುತ್ತೇನೆ ಅಂತ. ಕಥೆಯಲ್ಲಿ ಅದು ಎಲ್ಲೂ ಕಾಣ್ತಿಲ್ಲ.

ಪೇಟೆ ಕಥೆಗಾರ್ತಿ

ಪುತ್ತೂರಿನವರೇ, ಬೆರೆಸುವುದಿಲ್ಲ, ಖಂಡಿತ. ಮಾತು ಆಗಿರಬೇಕು ಅಂದಿರಲ್ಲ, ಅದು ನೇರವಾಗಿ ತಾಕಿತು. ಈಗಿನ ಕರಡಿನಲ್ಲಿ ತಾಯಿ ತಿಂಗಳಿಗೊಮ್ಮೆ ಕೈ ಕೊಯ್ದುಕೊಂಡು ಒಂದು ಲೋಟ ಕೊಡುತ್ತಾಳೆ. ಅದೇ ಆ ಮಾತು ಅಂತ ಇಟ್ಟುಕೊಳ್ಳಬಹುದಾ?

ಎಚ್ಚರದ ಓದುಗಿ

ಬೇಡ. ದಯವಿಟ್ಟು ಬೇಡ.

ಯಾವಾಗಲೂ ಹೆಣ್ಣೇ ಯಾಕೆ ಕೊಡಬೇಕು? ನಮ್ಮ ಊರಿನ ಕಥೆಯೇ ನೋಡಿ. ಕೋಟೆಯ ದಕ್ಷಿಣ ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತು, ಬಲಿ ಬೇಕು ಅಂದರು, ಕೆಂಪೇಗೌಡರು ಒಪ್ಪಲಿಲ್ಲ, ಬಸುರಿ ಸೊಸೆ ಲಕ್ಷ್ಮಮ್ಮ ರಾತ್ರಿ ಹೋಗಿ ತಾನೇ ಪ್ರಾಣ ಕೊಟ್ಟಳು ಅಂತ ಐತಿಹ್ಯ. ಕೋರಮಂಗಲದಲ್ಲಿ ಅವಳ ಸಮಾಧಿ ಇದೆ. ಹೋಗಿ ನಿಂತರೆ ನನಗೆ ಕೈ ಮುಗಿಯಬೇಕು ಅನಿಸುತ್ತದೆ, ಸಿಟ್ಟೂ ಬರುತ್ತದೆ. ಊರು ಉಳಿಯಿತು ಅಂತ ಹೇಳುತ್ತಾರೆ. ಅವಳಿಗೆ ಏನು ಉಳಿಯಿತು?

ನಿಮ್ಮ ಕಥೆಯ ತಾಯಿ ಗಂಡನನ್ನು ಕಳೆದುಕೊಂಡಿದ್ದಾಳೆ, ದುಡಿಯುತ್ತಾಳೆ, ಮಗು ಸಾಕುತ್ತಾಳೆ. ಮೇಲಿಂದ ತಿಂಗಳಿಗೊಂದು ಲೋಟ ರಕ್ತವನ್ನೂ ಕೊಡಬೇಕಾ? ಹಾಗಾದರೆ ಆ ಮುತ್ತಾತ ಕಾಯುತ್ತಿರೋದು ಯಾರನ್ನು?

ಲ್ಯಾಬ್ ಅಕ್ಕ

ಎಚ್ಚರದ ಓದುಗಿಯ ಮಾತಿಗೆ ನನ್ನ ಕೆಲಸದ ಲೆಕ್ಕ ಸೇರಿಸುತ್ತೇನೆ. ನಮ್ಮ ದೇಶದಲ್ಲಿ ರಕ್ತದಾನ ಮಾಡಲು 18ರಿಂದ 65 ವರ್ಷ ಇರಬೇಕು. ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5. ಒಂದು ಸಲಕ್ಕೆ 350 ಎಂ.ಎಲ್., ತೂಕ 55 ಕೆಜಿ ದಾಟಿದ್ದರೆ 450. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ.

ಈ ಮನೆಯಲ್ಲಿ ಅಜ್ಜಿ ಆಗಲ್ಲ, ಮಗು ಆಗಲ್ಲ. ಉಳಿದದ್ದು ಅಕ್ಕ, ತಮ್ಮ. ತಮ್ಮ ವರ್ಷಕ್ಕೆ ನಾಲ್ಕು ಸಲ 450, ಅಕ್ಕ ಮೂರು ಸಲ 350. ಎಲ್ಲ ಸೇರಿ 2,850 ಎಂ.ಎಲ್. ಇಡೀ ವರ್ಷಕ್ಕೆ ಮೂರು ಲೀಟರ್ ಕೂಡ ಇಲ್ಲ. ಅದೂ ಅಕ್ಕನ ಹಿಮೋಗ್ಲೋಬಿನ್ ಚೆನ್ನಾಗಿದ್ದರೆ ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ನಾನು ದಿನಾ ನೋಡ್ತೀನಿ. ಕೊಡಬೇಕು ಅಂತ ಆಸೆಯಿಂದ ಬರುತ್ತಾರೆ, ಬೆರಳು ಚುಚ್ಚಿ ನೋಡಿದರೆ 10, 9. ವಾಪಸ್ ಕಳಿಸಬೇಕಾಗುತ್ತದೆ.

ಹಾಗಾಗಿ ತಿಂಗಳಿಗೊಂದು ಲೋಟ ಅಂದರೆ ಆ ತಾಯಿ ಹಾಸಿಗೆ ಹಿಡಿಯುತ್ತಾಳೆ. ಮುತ್ತಾತ ಹಸಿದೇ ಇರಬೇಕು. ವರ್ಷಪೂರ್ತಿ ಹಸಿದುಕೊಂಡು ಅಟ್ಟದಲ್ಲಿ ಕೂತಿದ್ದಾರೆ, ಕೆಳಗೆ ನಾಲ್ಕು ಜನ ಮಲಗಿದ್ದಾರೆ. ನನಗಂತೂ ಬಾಗಿಲಾಚೆಯವಳಿಗಿಂತ ಇದೇ ಜಾಸ್ತಿ ಭಯ.

ಮಾಗಡಿ ರೋಡ್ ಸೊಸೆ

ಇಷ್ಟೆಲ್ಲ ಓದಿ ನನಗೆ ಹೊಳೆದದ್ದು ಒಂದೇ. ಮುತ್ತಾತನಿಗೆ ಎಡೆ ಇಡ್ತಾರಾ?

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಜೋರು. ಹೋದವರಿಗೆ ಹೊಸ ಬಟ್ಟೆ ಇಡ್ತೀವಿ. ಅವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಬಾಳೆ ಎಲೆಗೆ ಬಡಿಸ್ತೀವಿ. ನಮ್ಮ ಮಾವನವರ ಎಡೆಗೆ ಮುದ್ದೆ, ಮಟನ್ ಸಾರು, ಕುರಿ ರಕ್ತದ ಪಲ್ಯ ಇರಲೇಬೇಕು. ಪಲ್ಯಕ್ಕೆ ಈರುಳ್ಳಿ ಜಾಸ್ತಿ, ತೆಂಗಿನಕಾಯಿ ಕೊನೆಗೆ, ಮೇಲೆ ಸಬ್ಬಸಿಗೆ ಸೊಪ್ಪು. ಹಾಗೇ ಬೇಕಿತ್ತು ಅವರಿಗೆ. ಪಕ್ಕದಲ್ಲಿ ಬೀಡಿ ಕಟ್ಟು, ಒಂದು ಕ್ವಾರ್ಟರ್. ಅತ್ತೆಗೆ ಈಗಲೂ ಬೀಡಿ ವಾಸನೆ ಆಗಲ್ಲ, ಆದರೂ ತಾವೇ ಅಂಗಡಿಗೆ ಹೋಗಿ ತರ್ತಾರೆ.

ಹಳೇ ಪುಸ್ತಕದಂಗಡಿಯವರು ಹೇಳಿದ ಆ ರೈತ ಚಪ್ಪಲಿ ಕೇಳಿಕೊಂಡು ಬಂದ ಅಂದ್ರಲ್ಲ. ನಮ್ಮಲ್ಲಾಗಿದ್ರೆ ಅವನು ಕೇಳೋ ಮುಂಚೆಯೇ ಹೊಸ ಚಪ್ಪಲಿ ಎಡೆಯಲ್ಲಿ ಇರುತ್ತಿತ್ತು. ಹಿರಿಯರು ಬರ್ತಾರೆ ಅಂತ ನಮಗೆ ಗೊತ್ತು. ಬರ್ಲಿ ಅಂತಾನೇ ಕರೀತೀವಿ. ಅವರ ಪಾಲು ಎತ್ತಿಟ್ಟಿರ್ತೀವಿ. ಪಾಲು ಸಿಕ್ಕವರು ಮನೆ ಕಾಯ್ತಾರೆ, ಸಿಗದವರು ಬಾಗಿಲಲ್ಲಿ ನಿಂತು ಕೂಗ್ತಾರೆ. ನಿಮ್ಮ ಕಥೆಗೆ ಬೇಕಾಗಿರೋದು ಇದೇ ಅನಿಸುತ್ತೆ.

ಪೇಟೆ ಕಥೆಗಾರ್ತಿ

ಅಕ್ಕಾ! ಇದನ್ನು ಓದಿ ಎದ್ದು ನಿಂತುಬಿಟ್ಟೆ.

ಮುತ್ತಾತ ಸತ್ತರು ಅಂತ ಮನೆಯವರು ಊರಿಗೆ ಹೇಳಿದ್ದು ಸುಳ್ಳು. ಆದರೆ ಹೇಳಿದ ಮೇಲೆ ಎಡೆ ಇಡಲೇಬೇಕಲ್ಲ, ನೆಂಟರು ನೋಡುತ್ತಾರೆ. ಹಾಗೆ ಶುರುವಾಗಿರುತ್ತದೆ. ಮೊದಲ ವರ್ಷ ನಾಟಕಕ್ಕೆ ಇಟ್ಟ ಎಡೆಯನ್ನು ಅವರು ರಾತ್ರಿ ಅಟ್ಟದಿಂದ ಇಳಿದು ಬಂದು ನಿಜಕ್ಕೂ ಉಂಡಿರುತ್ತಾರೆ. ಕುರಿ ರಕ್ತದ ಪಲ್ಯ ಮಾತ್ರ ಖಾಲಿ! ಅವತ್ತಿನಿಂದ ಅವರು ಈ ಮನೆಯ ಯಾರ ಮೈಯನ್ನೂ ಮುಟ್ಟಿಲ್ಲ. ತಾಯಿಯ ಲೋಟವನ್ನು ತೆಗೆದುಹಾಕುತ್ತೇನೆ.

ಕೆರೆ ಏರಿ

ಕಾಯುವವರ ವಿಷಯ ಸರಿಹೋಯಿತು. ಶತ್ರುಗಳ ಬಗ್ಗೆ ಹೇಳಲಾ? ಬರೀ ಒಬ್ಬಳು ಸಾಲದು. ಅವಳಿಗೂ ಒಂದು ಕಾರಣ ಬೇಕಲ್ವಾ?

ಬೆಂಗಳೂರಲ್ಲಿ ಪಾಲು ತಪ್ಪಿದವರು ಯಾರು? ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಧರ್ಮಾಂಬುಧಿ ಕೆರೆ. ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆ ಅಂಗಳದಲ್ಲಿ. ಪ್ರತಿ ಕೆರೆ ಏರಿಯ ಮೇಲೂ ಒಬ್ಬಳು ಅಮ್ಮ ಇರುತ್ತಿದ್ದಳು, ಗಂಗಮ್ಮನೋ ದುಗ್ಗಮ್ಮನೋ. ಕೆರೆ ತುಂಬಿದಾಗ ಊರವರು ಪೂಜೆ ಕೊಡುತ್ತಿದ್ದರು. ಕೆರೆಯೇ ಹೋಯಿತು. ಅಮ್ಮಂದಿರನ್ನು ಶತ್ರು ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಅವರ ಜೊತೆ ಇದ್ದ ಸಣ್ಣಪುಟ್ಟವು ಇದ್ದವಲ್ಲ, ನೀರಿನ ಮಗ್ಗುಲಲ್ಲಿ ಅಲೆಯುತ್ತಿದ್ದ ಕೊಳ್ಳಿದೆವ್ವಗಳು, ಕೆರೆಗೆ ಬಿದ್ದು ಸತ್ತವರು. ಅವಕ್ಕೆ ಈಗ ನೀರಿಲ್ಲ, ಕತ್ತಲೆಯೂ ಇಲ್ಲ. 1905ರಲ್ಲೇ ನಮ್ಮ ಪೇಟೆ ಬೀದಿಗೆ ಕರೆಂಟ್ ದೀಪ ಬಂತು. ಹಸಿದುಕೊಂಡು ಬಾಗಿಲು ಬಾಗಿಲು ತಿರುಗುತ್ತಿವೆ. ಯಾರದೋ ಅಪ್ಪನ ದನಿ ಎರವಲು ತಂದಿವೆ.

ಆಗ ಮುತ್ತಾತನ ಎದುರು ನಿಲ್ಲುವುದು ಅವರ ಹಾಗೆಯೇ ಹಸಿದ ಒಂದು ಜೀವ.

ಹಳೇ ಪುಸ್ತಕದಂಗಡಿ

ಕೆರೆ ಏರಿಯವರೇ, ಕೈ ಕೊಡಿ.

ಮಗುವಿಗೆ ಮಾತ್ರ ದನಿ ಕೇಳಿಸೋದು ಯಾಕೆ ಅಂತ ಓದುಗರು ಕೇಳುತ್ತಾರೆ. ಅದಕ್ಕೂ ಬಾಲ್ಕನ್ ನಂಬಿಕೆಯಲ್ಲೇ ಆಧಾರ ಇದೆ. ವ್ಯಾಂಪೈರ್‌ಗೆ ಹುಟ್ಟಿದ ಮಗ, ಅವನ ವಂಶದವರು ಬೇರೆಯವರಿಗೆ ಕಾಣದ್ದನ್ನು ಕಾಣುತ್ತಾರೆ ಅಂತ. ಇಂಥದ್ದನ್ನು ಹಿಡಿಯಲು ಊರವರು ಅವರನ್ನೇ ಕರೆಸುತ್ತಿದ್ದರು. ಅಂದರೆ ಮುತ್ತಾತ ಯುದ್ಧದಿಂದ ಬಂದ ಮೇಲೆ ಅಜ್ಜಿಯ ಅಪ್ಪ ಹುಟ್ಟಿದವರಾಗಿರಬೇಕು, ಆ ವರ್ಷ ಸರಿಯಾಗಿ ಕೂರಿಸಿ. ಮಗುವನ್ನು ಕಾಯಬೇಕಾಗಿರುವುದೂ ಅದಕ್ಕೇ, ಮಗು ಉಪಯೋಗಕ್ಕೆ ಬರುವುದೂ ಅದಕ್ಕೇ.

ಹೊಡೆದಾಟ ಮಾತ್ರ ಜಾಸ್ತಿ ಬೇಡ. ನಮ್ಮ ಬೇತಾಳನನ್ನು ನೆನಪು ಮಾಡಿಕೊಳ್ಳಿ. ಹೆಗಲ ಮೇಲೆ ಕೂತು ಕಥೆ ಹೇಳಿದ್ದಷ್ಟೇ ಎಲ್ಲರಿಗೂ ನೆನಪು, ಕೊನೆ ಮರೆತುಬಿಡುತ್ತೇವೆ. 11ನೇ ಶತಮಾನದ ಕಥಾಸರಿತ್ಸಾಗರದಲ್ಲಿ ಹೀಗಿದೆ: ಹೆಣ ತರಿಸಿಕೊಳ್ಳುತ್ತಿರುವ ಸನ್ಯಾಸಿ ರಾಜನನ್ನೇ ಬಲಿ ಕೊಡಲು ಕಾಯುತ್ತಿದ್ದಾನೆ ಅಂತ ಬೇತಾಳನೇ ಎಚ್ಚರಿಸುತ್ತಾನೆ. ಅಡ್ಡಬೀಳು ಅಂದರೆ ‘ಹೇಗೆ ಅಂತ ನೀನೇ ತೋರಿಸು’ ಅನ್ನು ಅಂತ ಹೇಳಿಕೊಡುತ್ತಾನೆ. ರಾಜ ಉಳಿಯುತ್ತಾನೆ. ಹೆಣದೊಳಗೆ ಕೂತ ಪಿಶಾಚಿ ಮನುಷ್ಯನನ್ನು ಕಾದ ಕಥೆ ನಮ್ಮಲ್ಲಿ ಅಷ್ಟು ಹಿಂದೆಯೇ ಇತ್ತು. ಕಾದದ್ದು ತೋಳಿನ ಬಲದಿಂದಲ್ಲ, ಗುಟ್ಟು ಹೇಳಿ. ಮುತ್ತಾತನೂ ಮಗುವಿಗೆ ಒಂದು ಗುಟ್ಟು ಹೇಳಲಿ.

ತಿಗಳರಪೇಟೆ

ಕೆರೆ ಏರಿಯವರು ಸಂಪಂಗಿ ಕೆರೆ ಹೆಸರು ಹೇಳಿದ್ದರಿಂದ ಬರೆಯುತ್ತಿದ್ದೇನೆ. ಆ ಕೆರೆ ಪೂರ್ತಿ ಹೋಗಿಲ್ಲ. ಸ್ಟೇಡಿಯಂ ಪಕ್ಕದಲ್ಲಿ ಸಣ್ಣ ಕುಂಟೆ ಉಳಿದಿದೆ. ಕರಗಕ್ಕೆ ನಾವು ಇವತ್ತಿಗೂ ಅಲ್ಲಿಗೆ ಹೋಗುತ್ತೇವೆ.

ಕಾಯುವವರಿಗೆ ಏನು ಸಲ್ಲಬೇಕು ಅಂತ ಇಲ್ಲಿ ರಕ್ತ, ಎಡೆ ಎಲ್ಲ ಬಂತು. ನಮ್ಮ ನಂಬಿಕೆ ಬೇರೆ. ತಿಮಿರಾಸುರನನ್ನು ಎದುರಿಸಲು ದ್ರೌಪದಮ್ಮ ವೀರಕುಮಾರರನ್ನು ಹುಟ್ಟಿಸಿದಳು. ಕಾಳಗ ಮುಗಿದ ಮೇಲೆ ಅಮ್ಮ ಹೊರಟು ನಿಂತಳು. ಹೋಗಬೇಡ ಅಂತ ಅವರು ಬೇಡಿಕೊಂಡರು. ವರ್ಷಕ್ಕೊಮ್ಮೆ ಬರುತ್ತೇನೆ ಅಂತ ಮಾತು ಕೊಟ್ಟಳು. ಅದಕ್ಕೇ ಚೈತ್ರ ಹುಣ್ಣಿಮೆಗೆ ಕರಗ, ಸುತ್ತ ಕತ್ತಿ ಹಿಡಿದ ವೀರಕುಮಾರರು. ಅವರು ಕೇಳಿದ್ದು ಬಲಿ ಅಲ್ಲ. ಬಂದು ನಮ್ಮನ್ನು ನೋಡು ಅಂತ.

ನಿಮ್ಮ ಮುತ್ತಾತನನ್ನು ಅಟ್ಟಕ್ಕೆ ಹೋಗಿ ಯಾರಾದರೂ ಮಾತಾಡಿಸುತ್ತಾರಾ?

ಪೇಟೆ ಕಥೆಗಾರ್ತಿ

ಇಲ್ಲ, ಈವರೆಗಿನ ಕರಡಿನಲ್ಲಿ ಯಾರೂ ಅಟ್ಟಕ್ಕೆ ಹತ್ತುವುದಿಲ್ಲ. ಎಲೆ ಇಟ್ಟು ಬರುತ್ತಾರೆ, ಖಾಲಿ ಎಲೆ ತೆಗೆಯುತ್ತಾರೆ. ಮುಖ ನೋಡಿದವರು ಅಜ್ಜಿ ಒಬ್ಬರೇ, ಅದೂ ಚಿಕ್ಕವರಿದ್ದಾಗ.

ಹಾಗಾದರೆ ಮಗು ಹತ್ತಬೇಕು. ತಿಗಳರಪೇಟೆಯವರೇ, ತುಂಬಾ ದೊಡ್ಡ ಉಪಕಾರ ಮಾಡಿದಿರಿ.

ಕೊನೆಯ ಭಾಗ ಹೀಗೆ ಇಟ್ಟುಕೊಂಡಿದ್ದೇನೆ. ಮಹಾಲಯ ಅಮಾವಾಸ್ಯೆ ರಾತ್ರಿ. ಈ ವರ್ಷ ಅಪ್ಪನಿಗೂ ಮೊದಲ ಎಡೆ. ಅದೇ ಹೊತ್ತಿಗೆ ಬಾಗಿಲಲ್ಲಿ ಅಪ್ಪನ ದನಿ. ಇವತ್ತು ಕರೆಯಬೇಕಾದ ದಿನ, ಕರೆದರೆ ಯಾರು ಒಳಗೆ ಬರುತ್ತಾರೋ ಗೊತ್ತಿಲ್ಲ. ಮಗು ಓಡಿ ಅಟ್ಟ ಹತ್ತುತ್ತದೆ. ಮುತ್ತಾತ ಗುಟ್ಟು ಹೇಳುತ್ತಾರೆ: ‘ನಿನ್ನ ಎಡೆಯಲ್ಲಿ ಏನಿದೆ ಹೇಳು ಅಂತ ಕೇಳು. ನಿಮ್ಮಪ್ಪನಾದರೆ ತನಗೇನು ಇಷ್ಟ ಅಂತ ಗೊತ್ತಿರುತ್ತದೆ.’

ಎಚ್ಚರದ ಓದುಗಿ

ಇದು ಬೇಕಿತ್ತು. ಆ ಪ್ರಶ್ನೆಯನ್ನು ಮಗು ಕೇಳಲಿ, ತಾಯಿ ಪಕ್ಕದಲ್ಲೇ ನಿಂತಿರಲಿ. ಉತ್ತರ ತಪ್ಪು ಬಂದಾಗ ಬಾಗಿಲ ಚಿಲಕದಿಂದ ಕೈ ತೆಗೆಯೋದು ತಾಯಿ ಆಗಿರಲಿ. ಗಂಡನ ದನಿ ಕೇಳಿಯೂ ತೆಗೆಯದೆ ನಿಲ್ಲೋದು ಎಷ್ಟು ಕಷ್ಟ ಅಂತ ಬರೆಯಿರಿ. ಎರಡು ಸಾಲಲ್ಲಿ ಮುಗಿಸಬೇಡಿ.

ಹನುಮಂತನಗರದ ಹುಡುಗ

ತಪ್ಪು ಉತ್ತರ ಕೊಟ್ಟ ಮೇಲೆ ಅದು ಹೋಗುತ್ತಾ, ಒಳಗೆ ನುಗ್ಗುತ್ತಾ?

ಪೇಟೆ ಕಥೆಗಾರ್ತಿ

ಹಿತ್ತಲ ಬಾಗಿಲಿಗೆ ಬರುತ್ತದೆ. ಅಲ್ಲಿ ಮುತ್ತಾತ ನಿಂತಿರುತ್ತಾರೆ. ಹೊಡೆದಾಟ ಇದೆ, ಸ್ವಲ್ಪವೇ. ಆಮೇಲೆ ಅಜ್ಜಿ ಅದಕ್ಕೂ ಒಂದು ಎಲೆ ಹಾಕುತ್ತಾರೆ, ಬೀದಿಯಲ್ಲಿ, ಮನೆಯಿಂದ ದೂರ. ಹೆಸರು ಗೊತ್ತಿಲ್ಲದವರಿಗೆ ಅಂತ.

ಮಾಗಡಿ ರೋಡ್ ಸೊಸೆ

ಅಜ್ಜಿ ಮಾಡಿದ್ದು ಸರಿ. ಒಂದು ಸಣ್ಣ ವಿಷಯ ಬಿಟ್ಟುಹೋಗಿದೆ. ನಮ್ಮಲ್ಲಿ ಎಡೆ ಬಡಿಸಿ, ದೀಪ ಹಚ್ಚಿ, ಲೋಬಾನ ಹಾಕಿದ ಮೇಲೆ ಆ ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದುಬಿಡ್ತೀವಿ. ಹಿರಿಯರು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗೋದು. ಆ ಸ್ವಲ್ಪ ಹೊತ್ತಲ್ಲೇ ದನಿ ಬರಲಿ. ಆಗ ಮನೆಯವರೆಲ್ಲ ಪಡಸಾಲೆಯಲ್ಲೇ ಇರ್ತಾರೆ, ಬೀದಿ ಬಾಗಿಲ ಪಕ್ಕ. ಮಗು ಅಟ್ಟ ಹತ್ತಬೇಕಾದ್ರೆ ಎಡೆ ಇಟ್ಟ ಕೋಣೆ ದಾಟಿಯೇ ಹೋಗಬೇಕು ಅಂತ ಮಾಡಿ. ನೋಡಬಾರದು ಅಂದಿರೋದನ್ನ ನೋಡಿಕೊಂಡೇ ಓಡಬೇಕು ಅದು.

ಪೇಟೆ ಕಥೆಗಾರ್ತಿ

ಹಾಗೇ ಮಾಡುತ್ತೇನೆ ಅಕ್ಕ. ಏಣಿ ಆ ಕೋಣೆಯಲ್ಲೇ ಇದೆ ಅಂತ ಮೊದಲ ಅಧ್ಯಾಯದಲ್ಲೇ ಬರೆದುಬಿಡುತ್ತೇನೆ. ಅಜ್ಜಿಯ ಅಪ್ಪ ಹುಟ್ಟಿದ ವರ್ಷವನ್ನೂ ಸರಿ ಮಾಡಿಕೊಂಡು ಹೊಸ ಕರಡನ್ನು ದಸರಾ ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ. ಲ್ಯಾಬ್ ಅಕ್ಕ, ತಮ್ಮನ ಪಾತ್ರ ಈಗ ರಕ್ತದಾನಿ. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಕೊಟ್ಟು ಬರುತ್ತಾನೆ, ಮನೆಯಲ್ಲಿ ಯಾರಿಗೂ ಕೊಡುವುದಿಲ್ಲ. ಆ ಭಾಗವನ್ನು ನೀವೇ ಒಮ್ಮೆ ಓದಿ ನೋಡಬೇಕು.

ಲ್ಯಾಬ್ ಅಕ್ಕ

ಕಳಿಸಿ, ಓದುತ್ತೇನೆ. ಕೊಟ್ಟ ಮೇಲೆ ಅವನು ಅಲ್ಲೇ ಸ್ವಲ್ಪ ಹೊತ್ತು ಕೂತು ಜ್ಯೂಸ್ ಕುಡಿದು ಬಿಸ್ಕತ್ತು ತಿನ್ನಲಿ. ತಕ್ಷಣ ಗಾಡಿ ಓಡಿಸಿಕೊಂಡು ಹೊರಟ ಅಂತ ಮಾತ್ರ ಬರೆಯಬೇಡಿ.